ಗಾಣದಜ್ಜನ ಕೆನ್ನೆಯ ಗೀಟು

ಗಾಣದಜ್ಜನ ಎಡಗೆನ್ನೆಯ ಮೇಲೆ ಯಾವಾಗಲೂ ಒಂದು ಕಪ್ಪು ಗೀಟು. ಗೊಬ್ಬರದ ರಾಶಿಗೆ ಕಬ್ಬಿಣದ ಸರಳು ಚುಚ್ಚುವುದು, ಎಳೆದು ಕೆನ್ನೆಗೆ ಒತ್ತಿ ಬಿಸಿ ನೋಡುವುದು, ಆಮೇಲೆ ತಲೆಯಾಡಿಸಿ "ಮಾದ, ಮಾದ" ಅನ್ನುವುದು. ಇನ್ನೂ ಆಗಿಲ್ಲ ಅಂತ. ಜಪಾನಿನಲ್ಲಿ ನಾನು ಕಲಿತ ಮೊದಲ ಮಾತು ಅದೇ.

ಕೋಬೆಯಿಂದ ಹಡಗಿನಲ್ಲಿ ಹೋಗುವ ದ್ವೀಪದಲ್ಲಿ ಅವರ ಆಲಿವ್ ಎಣ್ಣೆಯ ಗಾಣ. ಅದರ ಹಿಂಡಿ ನಮ್ಮ ಕಡಲೆ ಹಿಂಡಿಯಂತಲ್ಲ. ಹಸಿಯಾಗಿ ಹಾಕಿದರೆ ಗಿಡವೇ ಸತ್ತುಹೋಗುತ್ತದೆ. ಅದನ್ನು ಒಳ್ಳೆಯ ಗೊಬ್ಬರ ಮಾಡುವುದೇ ನನ್ನ ಮೊಮ್ಮಗಳ ಓದು. ಕೋಳಿಗೊಬ್ಬರ, ಭತ್ತದ ಹೊಟ್ಟು ಬೆರೆಸಿ ರಾಶಿ ಹಾಕಿದ್ದಳು. ಅಡುಗೆ ಮಾಡಿಹಾಕಲು ನಾನೂ ಜೊತೆಗಿದ್ದೆ. ಆ ಗೊಬ್ಬರದಲ್ಲಿ ಬೀಜ ಮೊಳೆತರೆ ತಮ್ಮ ತಂದೆ ನೆಟ್ಟ ಮರದ ಬುಡಕ್ಕೇ ಹಾಕುವುದಾಗಿ ಅಜ್ಜ ಮಾತು ಕೊಟ್ಟಿದ್ದರು. ಮೊಳೆಯದಿದ್ದರೆ ಅವಳ ಎರಡು ವರ್ಷ ನೀರುಪಾಲು.

ಅವಳು ಕಾಲೇಜಿಗೆಂದು ಕೋಬೆಗೆ ಹೋದ ದಿನ ಮೋಡ ಕವಿಯಿತು. ನಾನು ಓದಿದ್ದು ಮೂರನೇ ಕ್ಲಾಸು, ಆದರೆ ತಿಪ್ಪೆ ಗೊತ್ತಿಲ್ಲವೇ? ಊರಿನಲ್ಲಿ ಮಾಡುವಂತೆ ರಾಶಿಗೆಲ್ಲ ಕೆಸರು ಮೆತ್ತಿ, ನುಣ್ಣಗೆ ಸಾರಿಸಿಬಿಟ್ಟೆ. ಎಷ್ಟು ಚಂದ ಕಂಡಿತು!

ಮೂರನೆಯ ಬೆಳಿಗ್ಗೆ ಹುಳಿ ನಾತ. ಅಜ್ಜ ಬಂದು ಸರಳು ಚುಚ್ಚಿ ಕೆನ್ನೆಗಿಟ್ಟರು. ಇನ್ನೊಂದು ಕೆನ್ನೆಗೂ ಇಟ್ಟರು. "ಮಾದ" ಅನ್ನಲಿಲ್ಲ. ರಾಶಿ ತಣ್ಣಗಾಗಿತ್ತು. ಕೆಸರಿನ ಕಲೆ ಹೋಗದ ನನ್ನ ಸೀರೆಯಂಚನ್ನೇ ನೋಡಿದರು. "ಸುಮಿಮಾಸೆನ್" ಅಂದೆ, ತಪ್ಪಾಯ್ತು ಅಂತ. ಅವರು ಒಂದು ಸಲಿಕೆ ನನ್ನ ಕೈಗಿಟ್ಟರು. ಮಧ್ಯಾಹ್ನದವರೆಗೂ ಇಬ್ಬರೂ ಹೊಟ್ಟು ಬೆರೆಸಿ, ಗಾಳಿಯಾಡುವಂತೆ ರಾಶಿ ಮಗುಚಿದೆವು.

ಸಂಜೆ ಮೊಮ್ಮಗಳು ಬಂದು ಥರ್ಮಾಮೀಟರ್ ನೋಡಿ ಬಿಳಿಚಿಕೊಂಡಳು. ಅಜ್ಜ ಅವಳೆದುರು ಬಾಗಿ ಏನೋ ಹೇಳಿದರು. ಅವಳ ಬಾಯಲ್ಲಿ ಅವರು ಓಜೀಸಾನ್, ಅಂದರೆ ಅಜ್ಜ.

"ಅಜ್ಜೀ, ಮಳೆ ಬರತ್ತೆ ಅಂತ ಓಜೀಸಾನ್ ಮಣ್ಣು ಮುಚ್ಚಿಬಿಟ್ರಂತೆ. ಏರ್ ಇಲ್ಲದೆ ಉಸಿರು ಕಟ್ಟಿದೆ, ನೋಡು!"

ಅಜ್ಜ ನನ್ನ ತಪ್ಪನ್ನು ತಮ್ಮ ಮೇಲೆ ಹೊತ್ತುಕೊಂಡಿದ್ದರು. ನಾನು ನಿಜ ಹೇಳದೆ ಒಳಗೆ ಹೋಗಿ ಅನ್ನಕ್ಕಿಟ್ಟೆ.

ರಾಶಿ ಮತ್ತೆ ಕಾದು, ಮಾಗಿ, ತಣಿಯಲು ಚಳಿಗಾಲವೆಲ್ಲ ಹಿಡಿಯಿತು. ಕೊನೆಗೆ ಅಜ್ಜ ಆ ಗೊಬ್ಬರದ ಬಟ್ಟಲಿನಲ್ಲಿ ಸೊಪ್ಪಿನ ಬೀಜ ಚೆಲ್ಲಿದರು. ಒಂದು ದಿನ, ಎರಡು ದಿನ, ಏನಿಲ್ಲ. "ಮಾದ, ಮಾದ" ಅನ್ನುತ್ತಿದ್ದರು. ನಾಲ್ಕನೆಯ ಬೆಳಿಗ್ಗೆ ನೋಡಿದರೆ ಬಟ್ಟಲ ತುಂಬ ಹಸಿರು! ಈ ನೋಯುವ ಮಂಡಿ ಇಟ್ಟುಕೊಂಡೂ ನಾನು ಕುಣಿದೆ. ಅಜ್ಜ ಚಪ್ಪಾಳೆ ತಟ್ಟಿ, ಕೊಟ್ಟ ಮಾತಿನಂತೆ ತಮ್ಮ ತಂದೆಯ ಮರದ ಬುಡಕ್ಕೆ ಆ ಗೊಬ್ಬರ ಹಾಕಿದರು.

ನನ್ನ ಮೊಮ್ಮಗಳು ಈಗ ಡಾಕ್ಟರು, ಮಣ್ಣಿನ ಡಾಕ್ಟರು! ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತೇನೆ. ಕಳೆದ ಚಳಿಗಾಲದಲ್ಲಿ ಅಜ್ಜ ತೀರಿಕೊಂಡರು. ಅವರ ಪಟದ ಮುಂದೆ ಊದುಬತ್ತಿ ಹಚ್ಚಿ, ಕೆಸರು ಮೆತ್ತಿದ್ದು ನಾನೇ ಎಂದು ಅವಳಿಗೆ ಹೇಳಿಬಿಟ್ಟೆ. ಅವಳು ನಕ್ಕಳು.

"ಗೊತ್ತು ಅಜ್ಜಿ. ರಾಶೀಲಿ ಒಂದು ಹೆಂಟೆ ಸಿಕ್ಕಿತ್ತು, ಮೇಲೆ ಬಳೆ ಅಚ್ಚು. ಕೇಳಿದ್ರೆ 'ನಂದೇ' ಅಂದ್ರು. ಓಜೀಸಾನ್ ಬಳೆ ಹಾಕೋತಿದ್ರಾ?"

ನಗುತ್ತಲೇ ಅತ್ತೆ. ಅವರ ಸರಳು ಈಗ ನನ್ನ ಕೈಯಲ್ಲಿದೆ. ಮೊಮ್ಮಗಳ ಪ್ರತಿ ಹೊಸ ರಾಶಿಗೂ ಚುಚ್ಚಿ ಕೆನ್ನೆಗಿಡುತ್ತೇನೆ. ಅವರ ಋಣ ತೀರಿತೇ ಅಂತ ಯಾರಾದರೂ ಕೇಳಿದರೆ ನನ್ನದು ಒಂದೇ ಮಾತು: "ಮಾದ, ಮಾದ."