ಶಿವಣ್ಣನವರ ಚಾಕು, ನಮ್ಮನೆ ಭರಣಿ

ಶಿವಣ್ಣನವರು ದಸರಾ ವಸ್ತುಪ್ರದರ್ಶನಕ್ಕೆ ಹೊರಟರೆ ಕೈಚೀಲದಲ್ಲಿ ಎರಡೇ ಸಾಮಾನು: ಹಳೇ ಪಂಚೆಯ ತುಂಡಿನಲ್ಲಿ ಸುತ್ತಿದ ಚಾಕು, ಚೆನ್ನಾಗಿ ಹಣ್ಣಾದ ಟೊಮೇಟೊ.

ತೊಂಬತ್ತರ ದಶಕದಲ್ಲಿ ನಾವು ಊರಂಚಿನ ದಟ್ಟಗಳ್ಳಿ ಬಡಾವಣೆಗೆ ಬಂದಾಗ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಕಾಂಪೌಂಡಿನ ಆಚೆ ಶಿವಣ್ಣನವರೊಬ್ಬರೇ. ಅವರ ಗೃಹಪ್ರವೇಶವಾದ ವರ್ಷವೇ ಹೆಂಡತಿ ಗೌರಮ್ಮ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಆಕೆಯ ಮರದ ಹಿಡಿಯ ಚಾಕುವಿನಲ್ಲೇ ಇವರು ಹೆಚ್ಚುವುದನ್ನು ಕಲಿತರು, ಆಮೇಲೆ ಹುಳಿ ಕುದಿಸುವುದನ್ನೂ. ಅದು ಆಗಲೇ ಸವೆದು ಸಣ್ಣಗಾಗಿತ್ತು. ಹರಿತವೂ ಆಗಬೇಕು, ಚಾಕುವೂ ಉಳಿಯಬೇಕು, ಅಂಥ ಸಾಣೆಗಾಗಿ ಊರೆಲ್ಲ ಹುಡುಕುತ್ತಿದ್ದರು.

ಉದಯಗಿರಿಯಿಂದ ಸೈಕಲ್ಲಿಗೆ ಸಾಣೆಚಕ್ರ ಕಟ್ಟಿಕೊಂಡು ಒಬ್ಬ ಬರುತ್ತಿದ್ದ. ಮೊದಲು ನನ್ನ ಚಾಕುವನ್ನು ಅವನ ಸಾಣೆಗೆ ಹಿಡಿಸಿ ನೋಡಿದರು. ಕಿಡಿ ಹಾರಿದ್ದೇ ತಡ, ತಮ್ಮದನ್ನು ಬೆನ್ನ ಹಿಂದೆ ಅಡಗಿಸಿದರು.

"ಹರಿತ ಮಾಡಯ್ಯ ಅಂದ್ರೆ ದೀಪಾವಳಿ ಮಾಡ್ತಿದೀಯಲ್ಲ!"

"ಕಿಡಿ ಬರ್ದೆ ಸಾಣೆ ಎಂಗಾಯ್ತದೆ ಸಾರ್? ಆ ಹಳೇದನ್ನ ಬುಟ್ಬುಡಿ, ಹೊಸ್ದು ತಗೊಳಿ."

ಆ ದಿನವೆಲ್ಲ ಶಿವಣ್ಣನವರ ಬಾಗಿಲು ಮುಚ್ಚಿಯೇ ಇತ್ತು.

ವಸ್ತುಪ್ರದರ್ಶನದಲ್ಲಿ ಪ್ಲಾಸ್ಟಿಕ್ ಹಿಡಿಯ ಸಾಣೆ ಮಾರುವವನು ಚಾಕುವನ್ನು ಅದರೊಳಗೆ ಸರ್ರನೆ ಎಳೆದು, ಕಾಗದವನ್ನು ಎಳೆಎಳೆಯಾಗಿ ಸೀಳಿ ತೋರಿಸುತ್ತಿದ್ದ. ಶಿವಣ್ಣನವರು ಟೊಮೇಟೊ ಮುಂದಿಟ್ಟರು.

"ಏನ್ ಸಾರ್, ಇಲ್ಲೇ ಸಾರು ಮಾಡ್ತೀರಾ?"

"ಕಾಗದ ತಿನ್ನೋರು ನಮ್ಮನೇಲಿಲ್ಲಪ್ಪ. ಇದನ್ನ ಹೆಚ್ಚು."

ಅವನ ಚಾಕುವಿನಡಿ ಟೊಮೇಟೊ ಪಿಚಕ್ಕೆಂದು ಒಡೆದು ರಸ ಅವನ ಅಂಗಿಗೇ ಹಾರಿತು. ಸುತ್ತ ನಿಂತವರೆಲ್ಲ ನಕ್ಕರು. ಜೊತೆಗೆ ಹೋಗಿದ್ದ ನನ್ನೊಡನೆ ದಾರಿಯುದ್ದಕ್ಕೂ ಶಿವಣ್ಣನವರದು ಒಂದೇ ಮಾತು: "ಅದು ಸಾಣೆ ಅಲ್ಲ ಕಣಮ್ಮ, ಕೆರೆಯೋ ಯಂತ್ರ."

ಕೊನೆಗೆ ನಮ್ಮಮ್ಮ ಮಾಡುತ್ತಿದ್ದುದನ್ನು ಹೇಳಿಕೊಟ್ಟೆ. ಉಪ್ಪಿನಕಾಯಿಯ ಪಿಂಗಾಣಿ ಭರಣಿಯನ್ನು ಕಾಂಪೌಂಡ್ ಗೋಡೆಯ ಮೇಲೆ ಬೋರಲು ಹಾಕಿ, ಹೊಳಪಿಲ್ಲದ ತಳದ ಅಂಚಿಗೆ ನೀರು ಚಿಮುಕಿಸಿ, ಅವರ ಚಾಕುವನ್ನು ಓರೆಯಾಗಿ ಹಿಡಿದು ಮೆಲ್ಲಗೆ ಉಜ್ಜಿದೆ. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ಇಬ್ಬರೂ ನಂಬಿದವರು. ಗೋಡೆಯ ಮೇಲಿಟ್ಟೆ, ಅವರು ಎತ್ತಿಕೊಂಡರು. ಟೊಮೇಟೊದ ಬಿಲ್ಲೆ ಬೆಳಕು ತೂರುವಷ್ಟು ತೆಳ್ಳಗೆ ಬಂತು.

"ಸಿಕ್ಬುಡ್ತು ಕಣಮ್ಮ! ಗೌರಿ ಇದ್ದಿದ್ರೆ ಭರಣಿಗೇ ಪೂಜೆ ಮಾಡೋಳು."

ಅವರ ಮನೆಯಲ್ಲಿ ಎಲ್ಲವೂ ಸ್ಟೀಲು. ಭರಣಿ ನೀವೇ ಇಟ್ಟುಕೊಳ್ಳಿ ಎಂದರೆ ಒಪ್ಪಲಿಲ್ಲ. "ನಿಮ್ಮನೇಲೇ ಇರ್ಲಿ, ಬೇಕಾದಾಗ ಕೇಳ್ತೀನಿ." ಮೊದಮೊದಲು ತಿಂಗಳಿಗೊಮ್ಮೆ ಕೇಳುತ್ತಿದ್ದರು. ಆಮೇಲೆ ವಾರಕ್ಕೊಮ್ಮೆ. ಬರಬರುತ್ತಾ ಬೆಳಗಿನ ಕಾಫಿ ಮುಗಿಯುವ ಹೊತ್ತಿಗೆ ದಿನವೂ ಗೋಡೆಯ ಬಳಿ ಕೆಮ್ಮು ಕೇಳಿಸುತ್ತಿತ್ತು. ಉಜ್ಜುತ್ತಾ ಉಜ್ಜುತ್ತಾ ಗೌರಮ್ಮನ ಮೆಣಸಿನಸಾರು, ನಲ್ಲಿಯಲ್ಲಿ ನೀರು ಬಾರದ್ದು, ರಾತ್ರಿ ನಿದ್ದೆ ಹತ್ತದ್ದು, ಎಲ್ಲ ಹೇಳುವರು. ಉಜ್ಜುವುದು ನಿಂತರೆ ಮಾತೂ ನಿಲ್ಲುತ್ತಿತ್ತು.

"ನಿನ್ನೆ ತಾನೇ ಮಾಡಿದ್ರಲ್ಲ ಶಿವಣ್ಣೋರೆ, ಹರಿತ ಇದೆಯಲ್ಲ?"

"ಇಲ್ಲ ಕಣಮ್ಮ, ಮೊಂಡಾಗ್ಬುಟ್ಟಿದೆ."

ಕಿಡಿಯಿಂದ ಕಾಪಾಡಿದ ಚಾಕು ನಮ್ಮ ಭರಣಿಯ ಮೇಲೆ ದಿನದಿನವೂ ಸವೆಯುತ್ತಿತ್ತು. ಅದು ಅವರಿಗೂ ಕಾಣುತ್ತಿತ್ತು. ನಾನೂ ಭರಣಿ ತರುವುದನ್ನು ನಿಲ್ಲಿಸಲಿಲ್ಲ. ಹಲವು ವರ್ಷ ಹೀಗೇ ನಡೆಯಿತು. ಹುಲ್ಲಿನೆಸಳಿನಂತಾಗಿದ್ದ ಚಾಕು ಒಂದು ದಿನ ಕುಂಬಳಕಾಯಿಯೊಳಗೆ ಲಟಕ್ಕನೆ ಮುರಿಯಿತು.

ಆಮೇಲೆ ಕೆಲವು ದಿನ ಕೆಮ್ಮು ಕೇಳಿಸಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಗೋಡೆಯ ಬಳಿ ಬರಿಗೈಯಲ್ಲಿ ನಿಂತಿದ್ದಾರೆ. ಕೈ ಎಲ್ಲಿಡಬೇಕೆಂದು ತಿಳಿಯದೆ ಪಂಚೆಗೆ ಒರೆಸಿಕೊಳ್ಳುತ್ತಿದ್ದಾರೆ.

"ಭರಣಿ ತರ್ಲಾ?"

"ಬೇಡ ಕಣಮ್ಮ. ಇನ್ನೇನು ಉಜ್ಜಲಿ."

ಒಳಗೆ ಹೋಗಿ ಭರಣಿಯನ್ನೂ ನನ್ನ ಚಾಕುವನ್ನೂ ತಂದು ಗೋಡೆಯ ಮೇಲಿಟ್ಟೆ. "ನಮ್ದು ತೀರಾ ಮೊಂಡಾಗಿದೆ, ಸ್ವಲ್ಪ ನೋಡ್ತೀರಾ?"

ಹೆಬ್ಬೆರಳ ಉಗುರಿನ ಮೇಲೆ ಅಲಗಿಟ್ಟು ನೋಡಿದರು. ಅದು ಚೆನ್ನಾಗಿಯೇ ಹರಿತವಿತ್ತು. ನನ್ನ ಮುಖ ನೋಡಿದರು.

"ಹೂಂ, ತೀರಾ ಮೊಂಡಾಗ್ಬುಟ್ಟಿದೆ," ಎಂದು ಅಂಗಿಯ ತೋಳು ಮಡಚಿದರು. ಆ ದಿನ ಬಿಸಿಲೇರುವವರೆಗೂ ಉಜ್ಜಿದರು. ಹೊರಡುವಾಗ, "ವಾರ ಬಿಟ್ಟು ಇನ್ನೊಂದ್ಸಲ ನೋಡೋಣ," ಎಂದರು.

ವಾರ ತುಂಬುವ ಮೊದಲೇ ನಿದ್ದೆಯಲ್ಲಿ ಹೋಗಿಬಿಟ್ಟರು.

ಸಾಣೆಯವನು ಈಗಲೂ ನಮ್ಮ ಬೀದಿಯಲ್ಲಿ ಕೂಗಿಕೊಂಡು ಹೋಗುತ್ತಾನೆ. ನಾನು ಕರೆಯುವುದಿಲ್ಲ, ಭರಣಿಯನ್ನೂ ಬೋರಲು ಹಾಕುವುದಿಲ್ಲ. ನನ್ನ ಚಾಕು ಈಗ ನಿಜವಾಗಿಯೂ ಮೊಂಡಾಗಿದೆ; ಟೊಮೇಟೊ ಹೆಚ್ಚಲು ಹೋದರೆ ಮಣೆಯ ತುಂಬ ರಸ.