ಸಿಹಿನೀರಿನ ಬಾವಿ ಮತ್ತು ಐದು ಕಾರ್ಡುಗಳು

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನನ್ನ ಕೆಲಸ, ದೋಷವಿದ್ದು ಹುಟ್ಟಿದ ಮಕ್ಕಳ ಪಟ್ಟಿ ಮಾಡುವುದಾಗಿತ್ತು. ಬಹಳ ವರ್ಷ ವಾರ್ಡಿನಲ್ಲಿ ನರ್ಸ್ ಆಗಿ ದುಡಿದು, ಮಂಡಿನೋವಿನಿಂದ ನಿಲ್ಲಲಾಗದೆ, ಮಣಿಪಾಲದಲ್ಲಿ ಒಬ್ಬ ಡಾಕ್ಟರರ ಕೈಕೆಳಗೆ ಆ ಕೆಲಸಕ್ಕೆ ಸೇರಿದೆ. ಸೋಮವಾರ ಉಡುಪಿ, ಮಂಗಳವಾರ ಕಾಪು, ಗುರುವಾರ ಕಾರ್ಕಳ. ಎಂಟು ಗಂಟೆಯ ಬಸ್ಸು ಒಂದು ದಿನವೂ ತಪ್ಪಿಸಿಕೊಂಡವಳಲ್ಲ.

ಮೊದಲು ಆ ಊರಿನ ಕಚೇರಿಗೆ ಹೋಗಿ ಜನನ-ಮರಣ ಪುಸ್ತಕದಿಂದ ಆ ವಾರದ ಹೆರಿಗೆಗಳನ್ನು ನಕಲು ಮಾಡಿಕೊಳ್ಳುವುದು. ಆಮೇಲೆ ಹೆರಿಗೆ ಮಾಡಿಸಿದ ಹೆಂಗಸರನ್ನು, ಬೇಕಾದರೆ ಮನೆಯವರನ್ನು ಕಂಡು ವಿಚಾರಿಸುವುದು. ಸೀಳುತುಟಿ, ತಿರುಚಿದ ಪಾದ, ಮುಚ್ಚಿಕೊಳ್ಳದ ಬೆನ್ನುಹುರಿ, ಹೀಗೆ ಏನಾದರೂ ಇದ್ದರೆ ಆ ಮಗುವಿಗೆ ಒಂದು ಕಾರ್ಡು. ಕಾರ್ಡಿನಲ್ಲಿ ಹೆಸರಿಲ್ಲ, ನಂಬರು ಮಾತ್ರ; ಹೆಸರು, ವಿಳಾಸ ನನ್ನ ಬೇರೊಂದು ಪುಸ್ತಕದಲ್ಲಿ. ತಾಯಿಯ ವಯಸ್ಸು, ಎಷ್ಟನೆಯ ಹೆರಿಗೆ, ಗಂಡಹೆಂಡಿರಲ್ಲಿ ರಕ್ತಸಂಬಂಧ ಉಂಟೋ ಇಲ್ಲವೋ, ಮಗು ಹುಟ್ಟಿದ ಊರು, ಓಣಿ. ಯಾವ ಊರಿನಲ್ಲಾದರೂ ಇಂಥ ಮಕ್ಕಳು ಹೆಚ್ಚಾಗಿ ಹುಟ್ಟುತ್ತಿದ್ದರೆ ಅಲ್ಲಿ ಕಾರಣ ಹುಡುಕಬಹುದು ಎಂಬುದು ಡಾಕ್ಟರರ ಆಸೆ. ಕಾರ್ಡಿನಲ್ಲಿ ಇವನ್ನೆಲ್ಲ ತುಂಬುವ ಚೌಕದ ಮನೆಗಳನ್ನು ಗೆರೆ ಹಾಕಿ ಮಾಡಿದವಳು ನಾನೇ.

ಆ ಮಕ್ಕಳ ಮನೆಗಳಿಗೆ ಹೋಗುವುದು ಕಷ್ಟವಾಗಿತ್ತು. ಬೆನ್ನು ತೆರೆದಿದ್ದ ಮಗುವನ್ನು ಒಬ್ಬ ತಾಯಿ ಹಳೆಯ ಸೀರೆಯ ಮಡಿಕೆಗಳ ಮೇಲೆ ಬೋರಲಾಗಿ ಮಲಗಿಸಿ, ನೊಣ ಕೂರದಂತೆ ಬೀಸಣಿಗೆ ಬೀಸುತ್ತಾ ಕುಳಿತಿದ್ದಳು. ನನ್ನ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟಳು. ಕೈ ಮಾತ್ರ ನಿಲ್ಲಿಸಲಿಲ್ಲ. ಮುಂದಿನ ಮಂಗಳವಾರ ಹೋದಾಗ ಬೀಸಣಿಗೆ ಗೋಡೆಗೆ ಒರಗಿತ್ತು. ನಾನು ಕಾರ್ಡಿನಲ್ಲಿ ತೀರಿಕೊಂಡ ದಿನವನ್ನು ಬರೆದುಕೊಂಡು ಬಂದೆ.

ಎರಡನೆಯ ವರ್ಷದ ಕೊನೆಗೆ ಕಾರ್ಡುಗಳನ್ನು ಊರಿನ ಪ್ರಕಾರ ಜೋಡಿಸಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಬೆನ್ನುಹುರಿ ಮುಚ್ಚದ ಐದು ಮಕ್ಕಳ ಕಾರ್ಡುಗಳು ಕಾಪುವಿನ ಒಂದೇ ಓಣಿಯವು. ಸಮುದ್ರದ ಹತ್ತಿರದ ಆ ಓಣಿಯಲ್ಲಿ ಉಳಿದ ಬಾವಿಗಳೆಲ್ಲ ಉಪ್ಪು. ದೋಣಿಯ ಕೆಲಸದ ಒಂದು ಕುಟುಂಬದ ಅಂಗಳದಲ್ಲಿ ಮಾತ್ರ ಸಿಹಿನೀರಿನ ಬಾವಿ. ಓಣಿಯವರೆಲ್ಲ ಕುಡಿಯುವುದು ಅದನ್ನೇ. ಡಾಕ್ಟರರು ಕಾರ್ಡುಗಳನ್ನು ಎರಡು ಸಲ ನೋಡಿ, “ನೀರು ಪರೀಕ್ಷೆ ಮಾಡಿಸುವ” ಎಂದರು.

ನಾನು ಎರಡು ಸೀಸೆ ತೆಗೆದುಕೊಂಡು ಹೋದೆ. ಬಾವಿಕಟ್ಟೆಯಲ್ಲಿ ಆರೇಳು ಹೆಂಗಸರಿದ್ದರು.

“ಎಂತಕ್ಕೆ ಸಿಸ್ಟರ್, ಮಣಿಪಾಲದಲ್ಲಿ ನೀರಿಲ್ವಾ?” ಎಂದು ಒಬ್ಬಳು ನಗೆಯಾಡಿದಳು.

ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ಮಕ್ಕಳ ಬೆನ್ನಿನ ದೋಷಕ್ಕೆ ಕಾರಣ ಹುಡುಕುತ್ತಿದ್ದೇವೆ ಎಂದೆ. ನಗು ನಿಂತಿತು. ನಾನು ಸೀಸೆಗಳಿಗೆ ಬಿರಡೆ ಹಾಕಿ, ಚೀಟಿ ಅಂಟಿಸಿ ಬಸ್ಸು ಹತ್ತಿದೆ.

ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಅದನ್ನು ಕಡತದಲ್ಲಿ ಇಟ್ಟೆ. ಓಣಿಗೆ ಹೋಗಿ ಹೇಳಬೇಕೆಂದು ನಮಗಿಬ್ಬರಿಗೂ ತೋಚಲಿಲ್ಲ.

ಒಂದು ತಿಂಗಳ ಮೇಲೆ ಆ ಬಾವಿಯ ಮನೆಯ ಹಿರಿಯ ಮಗ ನಮ್ಮ ಕಚೇರಿಯ ಬಾಗಿಲಿಗೆ ಬಂದು ನಿಂತ. ಮಲ್ಪೆಯಲ್ಲಿ ದೋಣಿಗೆ ಹೋಗುವವನು. ಒಳಗೆ ಬಾ ಎಂದರೂ ಬರಲಿಲ್ಲ.

“ಸಿಸ್ಟರ್, ನಿಮ್ಮ ಸೀಸೆಯಲ್ಲಿ ಎಂತ ಸಿಕ್ಕಿತು?”

“ಏನೂ ಸಿಗಲಿಲ್ಲ. ನೀರು ಚೆನ್ನಾಗಿದೆ.”

“ಚೆನ್ನಾಗಿ ಉಂಟು ಅಂತ ನಮಗೂ ಗೊತ್ತುಂಟು. ಓಣಿಯವರು ಈಗ ರಸ್ತೆಯಾಚೆಯಿಂದ ನೀರು ಹೊರುತ್ತಾರೆ. ಅದು ಹೋಗಲಿ. ತಂಗಿಗೆ ಕಾರ್ಕಳದಲ್ಲಿ ಮದುವೆ ನಿಶ್ಚಯ ಆಗಿತ್ತು. ಆ ನೀರು ಕುಡಿದ ಹುಡುಗಿಗೆ ಎಂಥ ಮಕ್ಕಳು ಆಗ್ತಾವೆ ಅಂತ ಅವರು ಕೇಳ್ತಿದ್ದಾರೆ. ನೀವು ಬಂದು ಹೇಳಬೇಕು. ನಾವು ಹೇಳಿದ್ರೆ ಯಾರು ನಂಬ್ತಾರೆ?”

ಒಂದು ವಾರ ಕೊಡು ಎಂದೆ. ಬರಿಯ ನೀರಿನ ವರದಿ ಹಿಡಿದು ಹೋದರೆ ಸಾಲದು, ಐದು ತಾಯಂದಿರನ್ನೂ ಇನ್ನೊಮ್ಮೆ ವಿಚಾರಿಸಿಕೊಂಡೇ ಹೋಗಬೇಕು ಎಂದು ನಿರ್ಧರಿಸಿದೆ.

ಮೊದಲನೆಯವಳು ಓಣಿಯಲ್ಲಿ ಸಿಗಲಿಲ್ಲ. “ಅವಳು ಗಂಡನ ಮನೆಗೆ ಹೋಗಿಯಾಯಿತಲ್ಲ, ಕಾರ್ಕಳಕ್ಕೆ” ಎಂದರು ಅವಳ ತಾಯಿ. ಗುರುವಾರ ಕಾರ್ಕಳದಲ್ಲಿ ಅವಳ ಮನೆ ಹುಡುಕಿದೆ. ಗರ್ಭಿಣಿಯಾಗಿದ್ದಾಗ ಯಾವ ಬಾವಿಯ ನೀರು ಕುಡಿಯುತ್ತಿದ್ದೆ ಎಂದು ಕೇಳಿದೆ.

“ಇಲ್ಲಿಯದ್ದೇ. ಇನ್ನೆಲ್ಲಿಯದ್ದು?”

“ಹೆರಿಗೆ ಕಾಪುವಿನಲ್ಲಿ ಅಲ್ಲವೇ?”

“ಹೆರಿಗೆ ಅಲ್ಲಿ. ಏಳನೇ ತಿಂಗಳಲ್ಲಿ ಸೀಮಂತ ಮಾಡಿ ಕರೆದುಕೊಂಡು ಹೋದ್ರು. ಎಲ್ಲರೂ ಹಾಗೆಯೇ ಅಲ್ವಾ ಸಿಸ್ಟರ್? ನಿಮ್ಮಲ್ಲಿ ಬೇರೆ ಕ್ರಮವಾ?”

ನಮ್ಮಲ್ಲೂ ಅದೇ ಕ್ರಮ. ನನ್ನ ಮಗಳು ಹುಟ್ಟಿದ್ದು ನನ್ನ ತವರು ಕಟಪಾಡಿಯಲ್ಲಿ. ಪುಸ್ತಕದ ಪ್ರಕಾರ ಅವಳು ಕಟಪಾಡಿಯ ಮಗು. ಆದರೆ ಮೊದಲ ಏಳು ತಿಂಗಳು ನಾನು ಅವಳನ್ನು ಹೊತ್ತು ಮಣಿಪಾಲದ ಗುಡ್ಡ ಹತ್ತಿ ಇಳಿದಿದ್ದೆ. ಮಗುವಿನ ಬೆನ್ನುಹುರಿ ಮುಚ್ಚಿಕೊಳ್ಳುವುದು ಗರ್ಭದ ಮೊದಲ ತಿಂಗಳಲ್ಲಿ. ಆಗ ತಾಯಿ ಎಲ್ಲಿದ್ದಳು ಎಂಬುದಕ್ಕೆ ನನ್ನ ಕಾರ್ಡಿನಲ್ಲಿ ಮನೆಯೇ ಇರಲಿಲ್ಲ. ಅಂದು ಬಸ್ಸಿನಲ್ಲಿ ನಿಂತೇ ಬಂದೆ, ಸೀಟು ಇದ್ದರೂ.

ಉಳಿದ ನಾಲ್ವರನ್ನೂ ವಿಚಾರಿಸಿದೆ. ಒಬ್ಬಳು ಆ ತಿಂಗಳಲ್ಲಿ ಗಂಡನೊಡನೆ ಬೊಂಬಾಯಿಯಲ್ಲಿದ್ದಳು. ಒಬ್ಬಳು ಮಲ್ಪೆಯಲ್ಲಿ, ಒಬ್ಬಳು ಕೆಮ್ಮಣ್ಣಿನಲ್ಲಿ. ಓಣಿಯಲ್ಲೇ ಇದ್ದವಳು ಒಬ್ಬಳು ಮಾತ್ರ. ಐದು ಕಾರ್ಡುಗಳು ಒಂದೆಡೆ ಸೇರಿದ್ದಕ್ಕೆ ನೀರು ಕಾರಣವಾಗಿರಲಿಲ್ಲ. ಆ ಓಣಿಯಲ್ಲಿ ಹೆಣ್ಣುಮಕ್ಕಳು ಹೆಚ್ಚು, ಆ ಒಬ್ಬಳನ್ನು ಬಿಟ್ಟು ಎಲ್ಲರೂ ಹೆರಿಗೆಗೆ ತವರಿಗೆ ಬಂದಿದ್ದರು. ಡಾಕ್ಟರರಿಗೆ ಹೇಳಿದೆ. ಅವರು ನನ್ನನ್ನು ಬಯ್ಯಲಿಲ್ಲ. “ನನಗೂ ಹೊಳೆಯಬೇಕಿತ್ತು” ಎಂದರು. ಬಯ್ದಿದ್ದರೆ ಒಳ್ಳೆಯದಿತ್ತು.

ಬಾವಿಯ ಮನೆಯ ಆ ಅಣ್ಣನೊಡನೆ, ಅವನ ತಂಗಿಗೆ ನಿಶ್ಚಯವಾಗಿದ್ದ ಹುಡುಗನ ಮನೆಗೆ ಹೋದೆ. ಕಾರ್ಕಳದ ಪೇಟೆಯಲ್ಲಿ ಮೀನಿನ ವ್ಯಾಪಾರ ಮಾಡುವವರು. ಹುಡುಗನ ತಾಯಿ ಕುರ್ಚಿ ಕೊಟ್ಟು, ಬೆಲ್ಲ ನೀರು ತಂದಿಟ್ಟು, ನಾನು ಹೇಳಿದ್ದನ್ನೆಲ್ಲ ಮಧ್ಯೆ ಬಾಯಿ ಹಾಕದೆ ಕೇಳಿದರು.

“ಹಾಗಾದ್ರೆ ತಪ್ಪು ನಿಮ್ಮದು” ಎಂದರು.

“ಹೌದು, ನನ್ನದು.”

“ಒಪ್ಪಿಕೊಂಡ್ರಲ್ಲ, ದೊಡ್ಡದು. ಆದ್ರೆ ಸಿಸ್ಟರ್, ಆ ಐದು ಹುಡುಗಿಯರೂ ಮದುವೆಯವರೆಗೆ ಕುಡಿದದ್ದು ಅದೇ ನೀರಲ್ವಾ?”

“ಕುಡಿದಿದ್ದಾರೆ. ನೀರಿನಲ್ಲಿ ದೋಷ ಇಲ್ಲ, ಪರೀಕ್ಷೆಯಾಗಿದೆ.”

“ನೀರಲ್ಲ ಅಂತೀರಿ. ಹಾಗಾದ್ರೆ ಯಾವುದು?”

“ಗೊತ್ತಿಲ್ಲ.”

“ನಿಮ್ಮ ಡಾಕ್ಟ್ರಿಗೆ?”

“ಅವರಿಗೂ ಗೊತ್ತಿಲ್ಲ.”

“ಗೊತ್ತಿಲ್ಲದ್ದಕ್ಕೆ ನನ್ನ ಮಗನನ್ನು ಕೊಡುವುದು ಹೇಗೆ ಮಾರಾಯ್ರೆ?” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅಣ್ಣ ಎದ್ದು ಚಪ್ಪಲಿ ಹಾಕಿಕೊಂಡ. ಹುಡುಗನಿಗೆ ಬೇರೆ ಕಡೆ ಹೆಣ್ಣು ನೋಡಿಯಾಗಿತ್ತು ಎಂದು ದಾರಿಯಲ್ಲಿ ಅಣ್ಣನೇ ಹೇಳಿದ.

ನಾನು ಆ ಸಂಜೆಯೇ ಅವನೊಡನೆ ಕಾಪುವಿಗೆ ಹೋದೆ. ಹುಡುಗಿಗೆ ಸುದ್ದಿಯನ್ನು ಬೇರೆಯವರ ಬಾಯಿಯಿಂದ ಹೇಳಿಸುವುದು ಸರಿಯಲ್ಲ ಎನಿಸಿತು. ಅವಳು ಅಂಗಳದಲ್ಲಿ ಒಣಮೀನು ರಾಶಿ ಮಾಡುತ್ತಿದ್ದಳು. ಇಪ್ಪತ್ತೆರಡು ಇರಬಹುದು. ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಕಾರ್ಡಿನ ತಪ್ಪು, ಐದು ಊರು, ಹುಡುಗನ ತಾಯಿ ಕೇಳಿದ್ದು.

“ಅವರು ಕೇಳಿದ್ರಲ್ಲಿ ತಪ್ಪಿಲ್ಲ” ಎಂದಳು. “ನಿಮ್ಮ ಮಗನಿಗಾದ್ರೆ ನನ್ನನ್ನು ತರ್ತಿದ್ರಾ ಸಿಸ್ಟರ್?”

“ತರುತ್ತಿದ್ದೆ.”

“ಮಗ ಇದ್ದಾನಾ?”

“ಇಲ್ಲ. ಒಬ್ಬಳೇ ಮಗಳು.”

“ಹಾಗಾದ್ರೆ ಹೇಳ್ಲಿಕ್ಕೆ ಸುಲಭ” ಎಂದು ನಕ್ಕಳು. ಅಣ್ಣ ತುಳುವಿನಲ್ಲಿ ಏನೋ ಗದರಿದ. ಅವಳು ಮೀನಿನ ಮೇಲೆ ಗೋಣಿ ಮುಚ್ಚಿ, ನಾಲ್ಕು ಮೂಲೆಗೂ ಕಲ್ಲಿಟ್ಟು, ಕೈ ತೊಳೆಯಲು ಹೋದಳು. ಮತ್ತೆ ಹೊರಗೆ ಬರಲಿಲ್ಲ.

ಮರುದಿನ ಕಾರ್ಡಿಗೆ ಹೊಸ ಮನೆಯೊಂದನ್ನು ಸೇರಿಸಿದೆ: ಮೊದಲ ಮೂರು ತಿಂಗಳು ತಾಯಿ ವಾಸವಿದ್ದ ಊರು. ಹಳೆಯ ಕಾರ್ಡುಗಳ ತಾಯಂದಿರನ್ನೆಲ್ಲ ಮತ್ತೆ ಹುಡುಕಿ ಕೇಳಿ ತುಂಬಿಸಲು ಒಂದು ವರ್ಷದ ಮೇಲಾಯಿತು. ನಮ್ಮ ಕೆಲಸಕ್ಕೆ ಅದು ಉಪಕಾರವಾಯಿತು. ಓಣಿಯ ಹೆಂಗಸರಿಗೂ ಒಬ್ಬೊಬ್ಬರಿಗೆ ತಿಳಿಸಿ ಹೇಳಿದೆ. ಮಳೆಗಾಲದಲ್ಲಿ ರಸ್ತೆಯಾಚೆ ಹೋಗಿ ಹೊರುವುದು ಕಷ್ಟವಾಗಿ ಕೆಲವರು ಆ ಬಾವಿಗೇ ಮರಳಿದರು. ಮಗಳಂದಿರು ಗರ್ಭಿಣಿಯರಾಗಿ ಬಂದಾಗ ಮಾತ್ರ ಬೇರೆ ಕಡೆಯಿಂದ ತರುತ್ತಿದ್ದರು.

ಎರಡು ವರ್ಷ ಪ್ರತಿ ಮಂಗಳವಾರ ಆ ಅಂಗಳವನ್ನು ದಾಟಿ ಹೋದೆ. ಸಂಬಂಧ ಕೂಡಿಬಂತೇ ಎಂದು ಅಣ್ಣನನ್ನು ಕೇಳುತ್ತಿದ್ದೆ. ಇಲ್ಲ ಎನ್ನುತ್ತಿದ್ದ. ಕೊನೆಗೊಂದು ದಿನ, “ನೀವು ಕೇಳುವುದು ನಿಲ್ಲಿಸಿ ಸಿಸ್ಟರ್. ಅವಳಿಗೆ ಒಳಗೆ ಕೇಳಿಸ್ತದೆ” ಎಂದ.

ಕಾಪುವಿಗೆ ಬೇರೆ ಯಾರನ್ನಾದರೂ ಕಳುಹಿಸಿ ಎಂದು ನಾನು ಡಾಕ್ಟರರಿಗೆ ಅರ್ಜಿ ಬರೆದುಕೊಟ್ಟೆ. ಕಾರಣ ಎಂಬಲ್ಲಿ ಮಂಡಿನೋವು ಎಂದು ಬರೆದೆ.