ಹತ್ತು ಎಣಿಸುವಷ್ಟು ಬಿಡುವು

ಮಗು ಉಂಡಿತೋ ಇಲ್ಲವೋ. ಇದೊಂದು ಯೋಚನೆ ಅವಳನ್ನು ಜಿಗಣೆಯಂತೆ ಕಚ್ಚಿ ಹಿಡಿದಿತ್ತು. ಪಾಠದ ನಡುವೆಯೂ ಬಿಡದು, ಬಸ್ಸಿನಲ್ಲಿ ನೇತಾಡುವಾಗಲೂ ಬಿಡದು. ಓದಲೆಂದು ಪರದೇಶಕ್ಕೆ ಬರುವಾಗ ಎರಡೂವರೆ ವರ್ಷದ ಮಗಳನ್ನು ಅಕ್ಕನ ಮಡಿಲಿಗೆ ಹಾಕಿ ಬಂದಿದ್ದಳು. ಗಂಡನದು ತಿಂಗಳಿಗೊಂದು ಊರು ಸುತ್ತುವ ಕೆಲಸ. ಎಡಗೈಯಲ್ಲಿ ಇಲ್ಲಿನ ಹೊತ್ತಿನ ಗಡಿಯಾರ, ಬಲಗೈಯಲ್ಲಿ ಮಗಳ ಹೊತ್ತಿನದು. ಬಾಡಿಗೆ ಕೋಣೆಯ ಜೊತೆಗಾತಿ, ಇವಳ ಭಾಷೆಯವಳೇ ಆದ ಫಾರ್ಮಸಿ ಹುಡುಗಿ, ಮೊದಲ ವಾರವೇ ‘ಗಡಿಯಾರಮ್ಮ’ ಎಂದು ಹೆಸರಿಟ್ಟುಬಿಟ್ಟಳು.

ಅಮ್ಮನ ಮುಖ ಕಾಣದೆ ಮಗಳು ಬಾಯಿ ತೆರೆಯುತ್ತಿರಲಿಲ್ಲ. ಅಕ್ಕ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸುವಳು, ಇವಳು ಇಲ್ಲಿಂದ “ಆ...” ಎನ್ನುವಳು, ಅಲ್ಲಿ ತುತ್ತು ಒಳಗೆ ಹೋಗುವುದು. ಹೋಟೆಲೊಂದರ ಲಾಂಡ್ರಿಯಲ್ಲಿ ಬೆಳಗಿನ ಪಾಳಿ ಸಿಕ್ಕಿದ್ದೇ ತಡ, ಈ ಏರ್ಪಾಡು ಕೆಟ್ಟಿತು. ಅಲ್ಲಿ ಮಗುವಿನ ಊಟದ ಹೊತ್ತಿಗೆ ಇಲ್ಲಿ ಇವಳು ಒದ್ದೆ ಹಾಸುಬಟ್ಟೆಗಳನ್ನು ಇಸ್ತ್ರಿಯ ಉರುಳೆಗೆ ಕೊಡುತ್ತಿರಬೇಕು. ಫೋನು ಲಾಕರಿನಲ್ಲಿ.

“ರೆಕಾರ್ಡ್ ಮಾಡಿ ಕಳಿಸ್ಬಿಡಿ ಗಡಿಯಾರಮ್ಮ,” ಎಂದಳು ಜೊತೆಗಾತಿ, ಉಗುರಿಗೆ ಬಣ್ಣ ಹಚ್ಚುತ್ತಾ. “ಮಗೂಗೇನು ಗೊತ್ತಾಗುತ್ತೆ? ನಮ್ಮ ಪ್ರೊಫೆಸರೂ ಹಾಗೇ ಪಾಠ ಮಾಡೋದು.”

ಹಳದಿ ಚೂಡಿದಾರ ತೊಟ್ಟು, ಉದ್ದ ಜಡೆಯನ್ನು ಎಡಭುಜದ ಮೇಲೆ ಇಳಿಬಿಟ್ಟು ಇವಳು ಫೋನಿನ ಮುಂದೆ ಕೂತಳು. “ಬಂಗಾರಿ, ಗುಬ್ಬಿಗೊಂದು ತುತ್ತು, ಆ...” ಎಂದು, ಅಗಿಯಲು ಹತ್ತು ಎಣಿಸುವಷ್ಟು ಬಿಡುವು ಕೊಟ್ಟಳು. ಆಮೇಲೆ ಕಾಗೆಗೊಂದು, ಮತ್ತೆ ಹತ್ತು. ಆರನೆಯ ತುತ್ತಿಗೆ ಬಾಗಿಲ ಗಂಟೆ ಸದ್ದು ಮಾಡಿತು; ತಿರುಗಿ ನೋಡಿ “ಯಾರಪ್ಪಾ ಅದು?” ಎಂದಳು. ಅದೂ ದಾಖಲಾಯಿತು.

ಮಗು ತಟ್ಟೆ ಖಾಲಿ ಮಾಡಿತಂತೆ. “ಯಾರಪ್ಪಾ ಅದು ಅಂದಾಗ ಬಿದ್ದುಬಿದ್ದು ನಗ್ತಾಳೆ ಕಣೇ. ಮುಗಿದ್ಮೇಲೆ ತಾನೇ ಗುಂಡಿ ಒತ್ತಿ ಆರಿಸ್ತಾಳೆ,” ಎಂದಳು ಅಕ್ಕ. ಇವಳು ಅಂದು ಮೊದಲ ಬಾರಿ ನೆಮ್ಮದಿಯಾಗಿ ನಿದ್ದೆ ಮಾಡಿದಳು. ತನ್ನ ಫೋನಿನಲ್ಲಿ ಪಾಠದ ಫೋಟೋಗಳಿಗೆ ಜಾಗ ಸಾಲದಾದಾಗ ಆ ವಿಡಿಯೋವನ್ನು ಅಳಿಸಿಯೂಬಿಟ್ಟಳು. ಅಕ್ಕನ ಬಳಿ ಹೇಗೂ ಇತ್ತಲ್ಲ.

ಒಂದು ಬೆಳಿಗ್ಗೆ ಜಡೆಯ ತುದಿ ಉರುಳೆಯ ಬಾಯಿಗೆ ಹೋಗುವುದರಲ್ಲಿತ್ತು. ಲಾಂಡ್ರಿಯ ಮೇಲ್ವಿಚಾರಕಿ ಯಂತ್ರ ನಿಲ್ಲಿಸಿ, ಎಲ್ಲರ ಮುಂದೆ ಕೇಳಿದಳು: “ಜಡೆ ಬೇಕಾ, ಕೆಲಸ ಬೇಕಾ?” ಅದೇ ಸಂಜೆ ಜೊತೆಗಾತಿ ಕತ್ತರಿ ಹಿಡಿದಳು. ಕತ್ತರಿಸಿದ ಜಡೆಯನ್ನು ಎಸೆಯಲು ಮನಸ್ಸು ಬಾರದೆ ಇವಳು ಕಾಗದದಲ್ಲಿ ಸುತ್ತಿ ಸೂಟ್‌ಕೇಸಿನ ತಳದಲ್ಲಿಟ್ಟಳು.

ಮೊದಲ ಪರೀಕ್ಷೆ ಮುಗಿದು, ಲಾಂಡ್ರಿಯಲ್ಲೂ ಒಂದು ದಿನದ ರಜೆ ಸಿಕ್ಕಾಗ, ಊಟದ ಹೊತ್ತಿಗೆ ಸರಿಯಾಗಿ ಕರೆ ಮಾಡಿದಳು. ಮಗು ಕಣ್ಣರಳಿಸಿ ನೋಡಿತು. ಆಮೇಲೆ ತಟ್ಟೆಯನ್ನು ತಳ್ಳಿತು.

“ದೊಡ್ಡಮ್ಮಾ, ಇವಳು ಬೇಡ. ಅಮ್ಮನ್ನ ಹಾಕು.”

“ನಾನೇ ಕಣೇ ಬಂಗಾರಿ, ನೋಡಿಲ್ಲಿ...”

“ಬೇಡಾ! ಅಮ್ಮನ್ನ ಹಾಕು!”

ಅಕ್ಕನಿಗೆ ನಗು ತಡೆಯಲಾಗಲಿಲ್ಲ. “ಮಾಡಿದ್ದುಣ್ಣೋ ಮಹಾರಾಯ. ಆ ಮೋಟು ಕೂದಲು ನೋಡಿದ್ರೆ ನನಗೇ ಗುರುತು ಹತ್ತಲ್ಲ, ಪಾಪ ಅದಕ್ಕೇನು ಹತ್ತುತ್ತೆ? ಊಟದ ಹೊತ್ತಲ್ಲಿ ಫೋನ್ ಮಾಡ್ಬೇಡ್ವೇ. ಓದೋಕೆ ಹೋದೋಳು ಓದು.”

ಅವಳು ಫೋನ್ ಮಾಡಲಿಲ್ಲ. ಹನ್ನೆರಡು ದಿನ ಬೆರಳು ಅಕ್ಕನ ಹೆಸರಿನವರೆಗೆ ಹೋಗಿ ಹಿಂದೆ ಸರಿಯಿತು. ಮತ್ತೊಮ್ಮೆ ‘ಇವಳು ಬೇಡ’ ಎನ್ನಿಸಿಕೊಳ್ಳುವ ಧೈರ್ಯವಿರಲಿಲ್ಲ.

ಹದಿಮೂರನೆಯ ಬೆಳಿಗ್ಗೆ ಪಾಳಿಗೆ ಹೊರಡುವಾಗ ಅಕ್ಕನ ಗಂಡನ ಫೋನಿನಿಂದ ಸಂದೇಶ ಬಂತು. ಅಕ್ಕನ ಫೋನು ನೀರಿನ ಬಕೆಟ್ಟಿಗೆ ಬಿದ್ದು ಸತ್ತಿದೆ. ನಿನ್ನೆಯಿಂದ ಮಗು ಒಂದು ಅಗುಳೂ ಮುಟ್ಟಿಲ್ಲ. ಆ ವಿಡಿಯೋ ಇದ್ದರೆ ಬೇಗ ಕಳಿಸು.

ಇರಲಿಲ್ಲ. ಒಂದು ದಿನ ತಪ್ಪಿಸಿದರೂ ಮತ್ತೆ ಬರಬೇಡವೆಂದು ಮೇಲ್ವಿಚಾರಕಿ ಹೇಳಿದ್ದು ನೆನಪಿತ್ತು. ಆದರೂ ಚಪ್ಪಲಿ ಬಿಚ್ಚಿದಳು. ಸೂಟ್‌ಕೇಸಿನ ತಳದಿಂದ ಜಡೆ ತೆಗೆದು ಎಡಗಿವಿಯ ಹಿಂದೆ ನಾಲ್ಕು ಪಿನ್ನು ಚುಚ್ಚಿ ಸಿಕ್ಕಿಸಿದಳು. ಹಳದಿ ಚೂಡಿದಾರ ತೊಟ್ಟಳು.

“ಅಯ್ಯೋ, ನಾಟಕಕ್ಕೆ ಹೊರಟ್ರಾ?” ಎಂದಳು ಜೊತೆಗಾತಿ, ಹಾಸಿಗೆಯಲ್ಲೇ ಹೊರಳಿ.

ಅವಳು ಅಕ್ಕನ ಗಂಡನ ಫೋನಿಗೆ ಕರೆ ಮಾಡಿದಳು. ಮಗುವಿನ ಮುಖ ಸೊರಗಿತ್ತು, ಅತ್ತು ಮೂಗು ಕೆಂಪಾಗಿತ್ತು. ‘ಹೇಗಿದ್ದೀಯೇ’ ಎಂಬ ಮಾತು ಗಂಟಲವರೆಗೆ ಬಂತು, ನುಂಗಿಕೊಂಡಳು. ವಿಡಿಯೋದಲ್ಲಿ ಆ ಮಾತಿರಲಿಲ್ಲ.

“ಬಂಗಾರಿ, ಗುಬ್ಬಿಗೊಂದು ತುತ್ತು, ಆ...”

ಮಗುವಿನ ಬಾಯಿ ತೆರೆಯಿತು. ಅವಳು ಅಲುಗಾಡದೆ ಹತ್ತು ಎಣಿಸಿದಳು. ಕಾಗೆಗೊಂದು. ಮತ್ತೆ ಹತ್ತು. ನಾಲ್ಕನೆಯ ತುತ್ತಿಗೆ ಕಣ್ಣು ತುಂಬಿ ಬಂತು.

“ಅಳ್ಬೇಡ್ವೇ,” ಪರದೆಯ ಅಂಚಿನಿಂದ ಅಕ್ಕ ಪಿಸುಗುಟ್ಟಿದಳು. “ಅದರಲ್ಲಿ ನೀನು ಅತ್ತಿಲ್ಲ.”

ಆರನೆಯ ತುತ್ತಿಗೆ, ಯಾವ ಗಂಟೆಯೂ ಸದ್ದು ಮಾಡದ ಬಾಗಿಲಿನತ್ತ ತಿರುಗಿ “ಯಾರಪ್ಪಾ ಅದು?” ಎಂದಳು. ಮಗು ಕೇಕೆ ಹಾಕಿ ನಕ್ಕಿತು.

ತಟ್ಟೆ ಖಾಲಿಯಾಯಿತು. ಈಗಲಾದರೂ ತನ್ನದೊಂದು ಮಾತಾಡೋಣವೆಂದು ಅವಳು ಬಾಯಿ ತೆರೆದಳು. ಊಟ ಮುಗಿಯಿತಲ್ಲ, ಪುಟ್ಟ ಬೆರಳು ರೂಢಿಯಂತೆ ಆರಿಸುವ ಕೆಂಪು ಗುಂಡಿಯ ಮೇಲೆ ಬಂತು.